ಉತ್ತರ ಗೊತ್ತಿಲ್ಲದ ಪ್ರಶ್ನೆ

ಮನೆಯಿಂದ,
ತಾರೀಖು ಹದಿನಾಲ್ಕು, ಭಾನುವಾರ ಬೆಳಿಗ್ಗೆ

ಪ್ರೀತಿಯ ಮಗಳಿಗೆ ಅಪ್ಪನ ಆಶೀರ್ವಾದಗಳು.

ಆರೋಗ್ಯವಾಗಿದ್ದೀಯಷ್ಟೆ? ಅರ್ಧ ಕಟ್ಟಿದ ಸೇತುವೆಯ ಮೇಲೆ ದಿನವಿಡೀ ಗಾಳಿಗೆ ಮೈಯೊಡ್ಡಿ ನಿಲ್ಲುವವಳು ನೀನು. ಕಿವಿಗೆ ಬಟ್ಟೆ ಸುತ್ತಿಕೊಳ್ಳುತ್ತೀಯಷ್ಟೆ? ಹೊತ್ತಿಗೆ ಸರಿಯಾಗಿ ಉಣ್ಣುತ್ತೀಯಷ್ಟೆ? ಇಲ್ಲಿ ನಾವು ಮೂವರೂ ಕ್ಷೇಮ. ನನ್ನ ಮಂಡಿ ಮೂರು ಮಹಡಿ ಹತ್ತುವಾಗ ಮಾತ್ರ ತಕರಾರು ಮಾಡುತ್ತದೆ, ಇಳಿಯುವಾಗ ಸುಮ್ಮನಿರುತ್ತದೆ. ಅಳಿಯಂದಿರಿಗೆ ಬಸ್ ಡಿಪೋದಲ್ಲಿ ಈ ವಾರ ಬೆಳಗಿನ ಪಾಳಿ. ನಿನ್ನ ಮಗಳು ಚುಕ್ಕಿ ಅರ್ಧ ಅಂಗುಲ ಬೆಳೆದಿದ್ದಾಳೆ. ಅಡುಗೆಮನೆಯ ಬಾಗಿಲ ಚೌಕಟ್ಟಿನ ಮೇಲೆ ಪೆನ್ಸಿಲಿನಿಂದ ಗೆರೆ ಎಳೆದು ತಾರೀಖು ಹಾಕಿದ್ದೇನೆ. ಫೋನಿನಲ್ಲಿ ನಿನ್ನ ಮಾತು ಅರ್ಧಕ್ಕೇ ಕಡಿದುಹೋಗುವುದರಿಂದ, ಪೂರ್ತಿ ಹೇಳಬೇಕಾದದ್ದನ್ನು ಪತ್ರದಲ್ಲಿ ಬರೆಯುವುದೇ ಲೇಸೆಂದು ಕುಳಿತಿದ್ದೇನೆ.

ಹೋದ ತಿಂಗಳ ಪತ್ರದಲ್ಲಿ ನೀನು ಬರೆದಿದ್ದೆ: "ಅಪ್ಪಾ, ಚುಕ್ಕಿಗೆ ಓದು ಬರುತ್ತೆ, ಲೆಕ್ಕ ಬರುತ್ತೆ, ಗೆಳತಿಯರ ಜೊತೆ ಮಾತಾಡೋಕೆ ಮಾತ್ರ ಬರಲ್ಲ. ಅದನ್ನೂ ಸ್ವಲ್ಪ ಕಲಿಸಿ. ಅವಳು ನನ್ನ ಹಾಗಾಗೋದು ಬೇಡ." ಕೊನೆಯ ಮಾತನ್ನು ನಿನ್ನ ವಿನಯವೆಂದುಕೊಂಡೆ. ಓದಿದಷ್ಟು ವರ್ಷವೂ ತರಗತಿಗೆ ಮೊದಲಿಗಳಾಗಿದ್ದವಳ ಹಾಗಾಗದೆ ಮಗು ಇನ್ನಾರ ಹಾಗಾಗಬೇಕು? ಉಳಿದದ್ದನ್ನು ಮಾತ್ರ ಆಜ್ಞೆಯಂತೆ ಸ್ವೀಕರಿಸಿದೆ. ಮೂವತ್ತನಾಲ್ಕು ವರ್ಷ ಪಾಠ ಹೇಳಿದವನಿಗೆ ಏಳು ವರ್ಷದ ಒಂದು ಮಗುವಿಗೆ ಮಾತು ಕಲಿಸುವುದು ಯಾವ ಲೆಕ್ಕ? "ಮಾತು ಬಲ್ಲವನಿಗೆ ಜಗಳವಿಲ್ಲ" ಎಂಬ ಗಾದೆಯನ್ನು ಹೊಸ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದು, ಅದರ ಕೆಳಗೆ ಒಂದು ತಿಂಗಳ ಪಾಠಯೋಜನೆ ಸಿದ್ಧಪಡಿಸಿದೆ. ದಿನವೂ ಸಂಜೆ ನಾಲ್ಕಕ್ಕೆ ಊಟದ ಮೇಜಿನ ಎರಡು ಬದಿಗೆ ಎದುರುಬದುರು ಕುರ್ಚಿ. ಗೆಳತಿ ಸಿಕ್ಕೊಡನೆ ಮುಖ ನೋಡಿ ನಗಬೇಕು. ಅವಳು ಹೇಳಿದ ವಿಷಯವನ್ನೇ ಹಿಡಿದು ಕಡಿಮೆಯೆಂದರೆ ಮೂರು ಪ್ರಶ್ನೆ ಕೇಳಬೇಕು. ಪೂರ್ಣ ವಾಕ್ಯದಲ್ಲಿ ಉತ್ತರ ಬರುವ ತನಕ ಕಾಯಬೇಕು. ಉತ್ತರ ಸರಿಯಾಗಿದ್ದರೆ ಮೆಚ್ಚಬೇಕು, ತಪ್ಪಿದ್ದರೆ ಮೃದುವಾಗಿ ತಿದ್ದಬೇಕು. ಒಂದೇ ವಾರದಲ್ಲಿ ಚುಕ್ಕಿ ಎಲ್ಲವನ್ನೂ ಕರಗತ ಮಾಡಿಕೊಂಡಳು. ಹೆಮ್ಮೆಯಿಂದ ಅವಳನ್ನು ಕೆಳಗೆ ಕಳುಹಿಸಿಕೊಟ್ಟೆ.

ನಮ್ಮ ಕಟ್ಟಡದ ಮಕ್ಕಳು ಸಂಜೆ ಕೆಳಗಿನ ಮೆಟ್ಟಿಲುಗಳ ಮೇಲೆ ಸೇರುತ್ತಾರೆಂಬುದು ನಿನಗೆ ಗೊತ್ತೇ ಇದೆ. ಅವರ ಮುಂದಾಳು, ನೆಲಮಹಡಿಯ ದರ್ಜಿಯ ಮಗಳು. ಚುಕ್ಕಿಗೆ ಆ ಹುಡುಗಿಯೆಂದರೆ ಪಂಚಪ್ರಾಣ. ಅವಳ ಹಾಗೆಯೇ ಜಡೆ ಹಾಕು ಎಂದು ನನ್ನನ್ನು ಕಾಡಿ, ನನ್ನ ಕೈಯಲ್ಲಿ ಅದು ಹಗ್ಗವಾದದ್ದನ್ನು ಹಿಂದೆ ಬರೆದಿದ್ದೆನಲ್ಲ. ಮೊದಲ ವಾರ ಚುಕ್ಕಿ ಅರ್ಧ ಗಂಟೆಗೆ ಹಿಂದಿರುಗುತ್ತಿದ್ದಳು; ಎರಡನೆಯ ವಾರ ಹತ್ತು ನಿಮಿಷಕ್ಕೆ. ಒಂದು ದಿನ ಗಿಡಗಳಿಗೆ ನೀರು ಹಾಕುವ ನೆಪದಲ್ಲಿ ಮೊದಲ ಮಹಡಿಯ ತಿರುವಿನಲ್ಲಿ ನಿಂತು ಕಿವಿಗೊಟ್ಟೆ. ದರ್ಜಿಯ ಮಗಳಿಗೆ ಅಂದು ಹಲ್ಲು ಬಿದ್ದಿತ್ತು. ಅದನ್ನು ಕಾಗದದಲ್ಲಿ ಕಟ್ಟಿ ತಂದು ಎಲ್ಲರಿಗೂ ತೋರಿಸುತ್ತಿದ್ದಳು. ನಮ್ಮ ಚುಕ್ಕಿ ಮುಖ ನೋಡಿ ನಕ್ಕಳು. ಹಾಲುಹಲ್ಲು ಒಟ್ಟು ಎಷ್ಟು ಎಂದು ಕೇಳಿದಳು. ಗೊತ್ತಿಲ್ಲ ಎಂದಾಗ, "ಇಪ್ಪತ್ತು. ನಾಳೆ ಮತ್ತೆ ಕೇಳ್ತೀನಿ, ನೆನಪಿಟ್ಕೋ" ಎಂದಳು. ಅವಳ ಬಾಯಿಂದ ನನ್ನದೇ ಧ್ವನಿ ಬಂದಂತಾಯಿತು. ದರ್ಜಿಯ ಮಗಳು ಹಲ್ಲನ್ನು ಮತ್ತೆ ಕಾಗದದಲ್ಲಿ ಮಡಿಸಿಟ್ಟು ಹೇಳಿದಳು: "ನೀನು ನನ್ನ ಜೊತೆ ಮಾತಾಡ್ತಿದ್ದೀಯೋ, ಪರೀಕ್ಷೆ ಮಾಡ್ತಿದ್ದೀಯೋ? ನಾಳೆಯಿಂದ ನಾನು ಬರಲ್ಲ." ಅವಳು ಎದ್ದಳು, ಉಳಿದವರೂ "ಸ್ಕೂಲ್ ಇನ್‌ಸ್ಪೆಕ್ಟರ್ ಬಂದ್ರು, ನಡೀರೋ" ಎಂದು ಹಿಂದೆಯೇ ಎದ್ದರು. ಚುಕ್ಕಿ ಅಳಲಿಲ್ಲ. ಒಬ್ಬಳೇ ಸ್ವಲ್ಪ ಹೊತ್ತು ಅಲ್ಲೇ ಕುಳಿತಿದ್ದು ಮೇಲೆ ಬಂದಳು. ನೋಟ್‌ಬುಕ್ ತೆರೆದು, ನಿಯಮಗಳ ಮೇಲೆ ಒಂದೊಂದಾಗಿ ಬೆರಳಿಟ್ಟು, "ಎಲ್ಲಾ ಸರಿಯಾಗೇ ಮಾಡ್ದೆ ತಾತ. ಆದ್ರೂ ಹೋಗ್ಬಿಟ್ರು" ಎಂದಳು. ನಾನೂ ಕನ್ನಡಕ ಹಾಕಿಕೊಂಡು ಎಲ್ಲ ನಿಯಮಗಳನ್ನೂ ಮತ್ತೊಮ್ಮೆ ಓದಿದೆ; ಒಂದರಲ್ಲೂ ತಪ್ಪು ಕಾಣಲಿಲ್ಲ.

ಮರುದಿನ ಕೋಟಿನ ಗುಂಡಿಯೊಂದನ್ನು ನಾನೇ ಕಿತ್ತು, ಅದನ್ನು ಹೊಲಿಸುವ ನೆಪದಲ್ಲಿ ದರ್ಜಿಯ ಅಂಗಡಿಗೆ ಹೋದೆ. (ಈ ಸುಳ್ಳನ್ನು ನಿನಗೆ ಮಾತ್ರ ಒಪ್ಪಿಸುತ್ತಿದ್ದೇನೆ.) ಮಗಳು ಅಪ್ಪನಿಂದಲೇ ಮಾತು ಕಲಿತಿರಬೇಕು, ಆತ ಹೇಗೆ ಕಲಿಸಿದನೋ ನೋಡೋಣವೆಂಬುದು ನನ್ನ ಲೆಕ್ಕಾಚಾರ. ಎರಡು ಮಧ್ಯಾಹ್ನ ಅಲ್ಲಿನ ಬೆಂಚಿನ ಮೇಲೆ ಕುಳಿತೆ. ಬಂದ ಗಿರಾಕಿಯನ್ನು ಆತ ಕೇಳುವುದು ಒಂದೋ ಎರಡೋ ಪ್ರಶ್ನೆ: ಇದನ್ನು ತೊಟ್ಟು ಎಲ್ಲಿಗೆ ಹೋಗುತ್ತೀರಿ, ಕುಳಿತು ಮಾಡುವ ಕೆಲಸವೋ ನಿಂತು ಮಾಡುವುದೋ. ಆಮೇಲೆ ಬಾಯಿತುಂಬ ಗುಂಡುಸೂಜಿ ಕಚ್ಚಿಕೊಂಡು ಬಟ್ಟೆಯ ಅಂಚು ಮಡಿಸುತ್ತಾನೆ. ಸೂಜಿ ಕಚ್ಚಿದವನು ನಡುವೆ ಬಾಯಿ ಹಾಕುವ ಹಾಗಿಲ್ಲ. ಗಿರಾಕಿ ಮನೆಯ ಸುದ್ದಿ, ಮನಸ್ಸಿನ ಸುದ್ದಿ ಎಲ್ಲವನ್ನೂ ಹೇಳಿ ಹಗುರಾಗಿ ಹೋಗುತ್ತಾನೆ. ಎರಡನೆಯ ದಿನ ನಾಚಿಕೆ ಬಿಟ್ಟು ನಡೆದದ್ದನ್ನು ಹೇಳಿದೆ. ಆತ ಸೂಜಿಗಳನ್ನು ಒಂದೊಂದಾಗಿ ಬಾಯಿಂದ ತೆಗೆದು ಮೆತ್ತೆಗೆ ಚುಚ್ಚಿದ. "ಮೇಷ್ಟ್ರೇ, ಅಳತೆ ಗೊತ್ತಿಲ್ಲ ಅಂತ ತಾನೇ ನಾನು ಟೇಪು ಹಿಡಿಯೋದು? ಗೊತ್ತಿದ್ದೂ ಹಿಡಿದ್ರೆ, ಬಂದವರಿಗೆ ಸುಮ್ಮನೆ ಕಚಗುಳಿ ಇಟ್ಟ ಹಾಗೆ" ಎಂದ. ಐದನೆಯ ತರಗತಿಗೇ ಶಾಲೆ ಬಿಟ್ಟ ಮನುಷ್ಯ. ನನ್ನ ಇಡೀ ಪಾಠಯೋಜನೆಗೆ ಒಂದೇ ವಾಕ್ಯದಲ್ಲಿ ಕತ್ತರಿ ಹಾಕಿದ.

ಮನೆಗೆ ಬಂದು ಯೋಚಿಸಿದೆ. ಉಪಾಧ್ಯಾಯ ಕೇಳುವ ಪ್ರಶ್ನೆಗಳಿಗೆಲ್ಲ ಉತ್ತರ ಅವನ ಬಳಿ ಮೊದಲೇ ಇರುತ್ತದೆ. ಅದು ತರಗತಿಯ ಧರ್ಮ. ಅದನ್ನೇ ನಾನು ಮೆಟ್ಟಿಲಿಗೂ ಕಳುಹಿಸಿದ್ದೆ. ನೋಟ್‌ಬುಕ್ಕಿನ ನಿಯಮಗಳನ್ನೆಲ್ಲ ಹೊಡೆದುಹಾಕಿ, ಚುಕ್ಕಿಯ ಎದುರಿನಲ್ಲಿಯೇ, ಒಂದನ್ನು ಬರೆದೆ: ಉತ್ತರ ಗೊತ್ತಿಲ್ಲದ್ದನ್ನೇ ಕೇಳು. ಅಭ್ಯಾಸಕ್ಕೆ ಆಟ ಹೂಡಿದವಳು ಚುಕ್ಕಿಯೇ. ದರ್ಜಿ ಕೊಟ್ಟಿದ್ದ ಜೊತೆತಪ್ಪಿದ ಗುಂಡಿಗಳನ್ನು ತಲಾ ಹತ್ತರಂತೆ ಹಂಚಿದಳು. ಉತ್ತರ ಗೊತ್ತಿದ್ದೂ ಕೇಳಿದವರು ಒಂದು ಗುಂಡಿಯನ್ನು ಬಿಸ್ಕತ್ತಿನ ಡಬ್ಬಿಗೆ ಹಾಕಬೇಕು. ಇವತ್ತು ಯಾವ ಪಾಠವಾಯಿತೆಂದು ಕೇಳಿದೆ. "ವೇಳಾಪಟ್ಟಿ ಗೋಡೆ ಮೇಲಿದೆ. ಗುಂಡಿ ಹಾಕು ತಾತ." ಊಟ ರುಚಿಯಾಗಿತ್ತೇ ಎಂದೆ. "ಮಾಡಿದ್ದೇ ನೀನು. ಹಾಕು." ಕೈತೊಳೆಯುವ ಮೊದಲೇ ನನ್ನ ಹತ್ತೂ ಡಬ್ಬಿ ಸೇರಿದವು, ಅವಳದು ಹೋದದ್ದು ಎರಡು ಮಾತ್ರ. ಉತ್ತರ ಗೊತ್ತಿಲ್ಲದ ಪ್ರಶ್ನೆಯೊಂದು ನನಗೆ ಹೊಳೆಯಲು ಮೂರು ದಿನ ಬೇಕಾಯಿತು. ಅಂದು ಎಲ್ಲರೂ ಎದ್ದುಹೋದ ಮೇಲೆ ಮೆಟ್ಟಿಲ ಮೇಲೆ ಒಬ್ಬಳೇ ಕುಳಿತು ಏನು ಮಾಡುತ್ತಿದ್ದೆ ಎಂದು ಕೇಳಿದೆ. ಚುಕ್ಕಿ ಗುಂಡಿಯ ಡಬ್ಬಿಯನ್ನು ಪಕ್ಕಕ್ಕೆ ಸರಿಸಿದಳು. "ಹೊಲಿಗೆ ಮಿಷನ್ ಸದ್ದು ಕೇಳ್ತಿದ್ದೆ. ಅದು ನಿಂತಾಗೆಲ್ಲ ಅವಳು ಹೊರಗೆ ಬರ್ತಾಳೆ ಅನ್ಕೊಂಡೆ" ಎಂದಳು. ಒಡನೆಯೇ ತಿದ್ದಲು, ಸಮಾಧಾನ ಹೇಳಲು ನಾಲಿಗೆ ಮುಂದಾಯಿತು. ಸೂಜಿ ಕಚ್ಚಿದವನಂತೆ ತುಟಿ ಬಿಗಿದು ಕುಳಿತೆ. ಆಮೇಲೆ ಅವಳು ಅರ್ಧ ಗಂಟೆ ಮಾತನಾಡಿದಳು.

ಮೊನ್ನೆ ಗುರುವಾರ ಅವಳು ತಾನಾಗಿಯೇ ಕೆಳಗಿಳಿದಳು. ನಾನು ಕಿವಿಗೊಡುವುದಿಲ್ಲವೆಂದು ನಿಶ್ಚಯಿಸಿದ್ದೆ; ಆದರೆ ಗಿಡಗಳಿಗೆ ನಿಜವಾಗಿಯೂ ನೀರು ಬೇಕಾಗಿತ್ತು. ದರ್ಜಿಯ ಮಗಳು ಅಂಗಡಿಯ ಹೊಸ್ತಿಲ ಮೇಲೆ ಬೆನ್ನು ತಿರುಗಿಸಿ ಕುಳಿತಿದ್ದಳು. ಚುಕ್ಕಿ ತುಸು ದೂರದಲ್ಲಿ ನಿಂತು ಕೇಳಿದಳು: "ಹಲ್ಲು ಬಿದ್ದ ಜಾಗಕ್ಕೆ ನಾಲಿಗೆ ಇಟ್ರೆ ಹೇಗಿರುತ್ತೆ? ನಂಗಿನ್ನೂ ಒಂದೂ ಬಿದ್ದಿಲ್ಲ, ಗೊತ್ತಿಲ್ಲ." ಆ ಹುಡುಗಿ ತಿರುಗದೆಯೇ, "ನಾಳೆ ಮತ್ತೆ ಕೇಳ್ತೀಯಾ?" ಎಂದು ಚುಚ್ಚಿದಳು. ಚುಕ್ಕಿ ಇಲ್ಲವೆಂದಳು. ಹೊಸ್ತಿಲ ಮೇಲೆ ಜಾಗವಾಯಿತು. ಅಲ್ಲಿಂದ ಮುಂದೆ ಕೇಳಿಸಿದ್ದು ದರ್ಜಿಯ ಮಗಳ ಪಿಸುಮಾತು ಮಾತ್ರ. ನಿನ್ನ ಮಗಳು ತುಟಿ ಬಿಗಿಹಿಡಿದು, ಕತ್ತು ಓರೆ ಮಾಡಿ ಕೇಳುತ್ತಿದ್ದಳು. ಕತ್ತಲಾಗುವ ಹೊತ್ತಿಗೆ ಮೇಲೆ ಬಂದವಳನ್ನು, ಅಷ್ಟು ಹೊತ್ತು ಏನು ಮಾತಾಡಿದಿರಿ ಎಂದು ಕೇಳಿದೆ. "ಅದು ಅವಳು ನಂಗೆ ಹೇಳಿದ್ದು, ತಾತ" ಎಂದು ಹೇಳಿ ಕೈಕಾಲು ತೊಳೆಯಲು ಹೋದಳು. ನನ್ನ ವೃತ್ತಿಯಲ್ಲಿ ನೂರಕ್ಕೆ ನೂರು ಅಂಕವನ್ನು ಎರಡೇ ಬಾರಿ ಕೊಟ್ಟವನು ನಾನು. ಇದು ಮೂರನೆಯದು.

ಅಳಿಯಂದಿರು ನಿನಗೆ ನೆನಪು ಹೇಳಿದ್ದಾರೆ. ನೀನು ಕಟ್ಟುವ ಸೇತುವೆ ಗಟ್ಟಿಯಾಗಿ ನಿಲ್ಲಲಿ, ಅದರ ಮೇಲೆ ಓಡಾಡುವವರು ನಿನ್ನ ಕೈಯನ್ನು ಹರಸಲಿ ಎಂದು ಹಾರೈಸುವ,

ನಿನ್ನ ಅಪ್ಪ

ಮರೆತ ಮಾತು: ಲಕೋಟೆ ಅಂಟಿಸುವ ಮೊದಲು ರೂಢಿಯಂತೆ ಪತ್ರವನ್ನು ಪರಿಶೀಲಿಸಿದೆ. ಮೊದಲ ಸಾಲುಗಳಲ್ಲಿಯೇ ಮೂರು ಗುಂಡಿ ಕಳೆದುಕೊಂಡಿದ್ದೇನೆ. ನಿನ್ನನ್ನು ಕೇಳಿದ ಮೂರಕ್ಕೂ "ಹೌದು" ಎಂಬ ಉತ್ತರವನ್ನು ನಾನೇ ಬರೆದುಕೊಂಡಿದ್ದೆ. ನಿನ್ನ ಹಳೆಯ ಪತ್ರವನ್ನೂ ಮತ್ತೆ ತೆಗೆದು ಓದಿದೆ. "ನನ್ನ ಹಾಗಾಗೋದು ಬೇಡ" ಎಂದದ್ದು ವಿನಯವಲ್ಲ, ಅಲ್ಲವೇ? (ಇದಕ್ಕೂ ಒಂದು ಗುಂಡಿ.) ನೀನು ಚುಕ್ಕಿಯಷ್ಟಿದ್ದಾಗ ದಿನವೂ ಶಾಲೆಯಿಂದ ಒಬ್ಬಳೇ ಬರುತ್ತಿದ್ದೆ; ನಾನು ಅಂಕಗಳನ್ನು ಕೇಳುತ್ತಿದ್ದೆ, ನೀನು ಹೇಳುತ್ತಿದ್ದೆ, ಅಲ್ಲಿಗೆ ನಮ್ಮ ಮಾತು ಮುಗಿಯುತ್ತಿತ್ತು. ಈಗ ಉತ್ತರ ಗೊತ್ತಿಲ್ಲದ್ದನ್ನು ಕೇಳುತ್ತಿದ್ದೇನೆ: ಆ ವರ್ಷಗಳಲ್ಲಿ ನೀನು ಯಾರೊಡನೆ ಮಾತನಾಡುತ್ತಿದ್ದೆ, ಮಗಳೇ? ಬಿಡುವಾದಾಗ ಬರೆ. ಪೂರ್ಣ ವಾಕ್ಯಗಳಲ್ಲಿ ಬರೆಯಬೇಕಾಗಿಲ್ಲ.