ನೀವು ಕತ್ತರಿಸಿದ ಅರ್ಧ

ಸಾಗರ
೧೪ ನವೆಂಬರ್ ೨೦೨೫

ರವಿಶಂಕರ ಅವರಿಗೆ, ವನಮಾಲಾ ಬರೆಯುವುದು.

ಇಲ್ಲಿ ಕ್ಷೇಮವೆಂದು ತಿಳಿಸಿ ಅಲ್ಲಿಯ ಕ್ಷೇಮ ಕೇಳುವುದು ರೂಢಿ. ಆ ಎರಡು ಸಾಲುಗಳನ್ನು ಬಿಟ್ಟಿದ್ದೇನೆ. ತಂಗಿ ವಂದನಾಳ ಕಣ್ಣಿನ ಪಟ್ಟಿ ಬಿಚ್ಚಿದ್ದಾರೆ, ಈಗ ಅವಳೇ ಅನ್ನ ಬಸಿದುಕೊಳ್ಳುತ್ತಾಳೆ. ಇಲ್ಲಿ ನನ್ನ ಅಗತ್ಯ ಮುಗಿದಿದೆ. ಆದರೂ ನಾನು ಮನೆಗೆ ಬಂದಿಲ್ಲ. ನಿನ್ನೆ ಫೋನಿನಲ್ಲಿ ನೀವು "ಯಾವಾಗ ಬತ್ತೆ?" ಎಂದಿರಿ. ನಾನು ಹುಲಿಗೆಮ್ಮನ ಹೆಸರು ಎತ್ತಿದೆ. "ಅದೆಲ್ಲ ಈಗ ಬೇಡ, ಇಡ್ತಿ" ಎಂದು ಇಟ್ಟುಬಿಟ್ಟಿರಿ. ಅದಕ್ಕೇ ಪತ್ರ. ನೀವು ಓದುವುದನ್ನು ನಡುವೆ ನಿಲ್ಲಿಸಬಹುದು. ನಾನು ಹೇಳುವುದನ್ನು ನಿಲ್ಲಿಸಲಾರಿರಿ.

ಒಬ್ಬ ಹೆಂಗಸು ಜೈಲಿನಲ್ಲಿದ್ದಾಳೆ. ನಮ್ಮೂರಿನ ಪ್ರತಿಮಾಳ ಚಿನ್ನದ ಸರವನ್ನು ಅವಳು ಕದ್ದಿಲ್ಲವೆಂಬುದು, ಅವಳನ್ನೂ ಕದ್ದವನನ್ನೂ ಬಿಟ್ಟರೆ, ಇಬ್ಬರಿಗೆ ಖಚಿತವಾಗಿ ಗೊತ್ತು. ಒಬ್ಬಳು ನಾನು, ಇನ್ನೊಬ್ಬರು ನೀವು.

ಊರು ಕಾಯಲೆಂದು ಪೊಲೀಸರು ಮಾಡಿದ ಬೀಟ್ ಸಮಿತಿಗೆ ನೀವು ಅಧ್ಯಕ್ಷರಾದಾಗ ನನಗೆ ಬೇಸರವಿರಲಿಲ್ಲ, ನೆಮ್ಮದಿಯೇ ಆಯಿತು. ಸೊಸೈಟಿಯಿಂದ ನಿವೃತ್ತರಾದ ಮೇಲೆ ನೀವು ಅಡುಗೆಮನೆಗೆ ಬಂದು ಒಂದೊಂದೇ ಡಬ್ಬದ ಮುಚ್ಚಳ ತೆಗೆದು ನೋಡುವುದು ಶುರುವಾಗಿತ್ತು. ಹೊಸನಗರದ ಕಡೆ ಚಿನ್ನಕ್ಕೆ ಪಾಲಿಶ್ ಹಾಕುತ್ತೇವೆಂದು ಬಂದ ಇಬ್ಬರು ಯಾರೋ ಮುದುಕಿಯ ಬಳೆಗಳನ್ನು ಹೊತ್ತೊಯ್ದಿದ್ದರು. ಹೆದರಿಕೆ ಸುಳ್ಳಲ್ಲ. ಬೀಟ್ ಪೊಲೀಸ್ ಧರ್ಮಪ್ಪ ಮನೆಮನೆಗೆ ಬಂದು ಮಾತಾಡಿಸಿದ್ದೂ ಒಳ್ಳೆಯದೇ. ನಮ್ಮ ಜಗಲಿಯಲ್ಲಿ ಕೂತು ಅವರು ಹೇಳಿದ್ದು ನನಗೆ ನೆನಪಿದೆ: "ಹೊಸಬ್ರು ಯಾರಾದ್ರೂ ಬಂದ್ರೆ ನಂಗೊಂದು ಫೋನ್ ಮಾಡಿ ಅಮ್ಮ. ನೀವೇ ಹಿಡಿಯೋಕೆ ಹೋಗ್ಬೇಡಿ. ಫೋಟೊ ಗೀಟೊ ತೆಗೆದು ಗ್ರೂಪಿಗೆ ಹಾಕ್ಬೇಡಿ, ನಂಗೊಬ್ಬಂಗೆ ಕಳ್ಸಿ. ಆಮೇಲೆ ಜನ ಯಾರ ಮಾತೂ ಕೇಳಲ್ಲ." ನೀವು ಪಕ್ಕದಲ್ಲಿ ಕಷಾಯ ಕುಡಿಯುತ್ತ ತಲೆಯಾಡಿಸಿದಿರಿ. ಊರಿನ ಪ್ರತಿ ಜಗಲಿಯಲ್ಲೂ ಹಾಗೆಯೇ ತಲೆಯಾಡಿಸಿರಬೇಕು. ಧರ್ಮಪ್ಪನ ಮೇಲೆ ನನಗೆ ಸಿಟ್ಟಿಲ್ಲ.

ಒಂದು ಸಂಗತಿ ಅವರಿಗೂ ಹೊಳೆಯಲಿಲ್ಲ. ಅವರು ಬಂದದ್ದು ಮುಂಬಾಗಿಲಿಗೆ. ಅವರ ನಂಬರಿನ ನೀಲಿ ಚೀಟಿ ಅಂಟಿಸಿದ್ದು ಮುಂಬಾಗಿಲಿಗೆ. ಸಮಿತಿಯಲ್ಲಿದ್ದವರೆಲ್ಲ ಜಗಲಿಯಲ್ಲಿ ಕೂರುವ ಗಂಡಸರು. ಊರಿಗೆ ಯಾರು ಪರಿಚಿತರು, ಯಾರು ಅಪರಿಚಿತರು ಎಂದು ತೀರ್ಮಾನ ಮಾಡಿದ್ದೂ ಅವರೇ. ಹಿತ್ತಿಲ ಬಾಗಿಲಿಗೆ ಯಾರು ಬರುತ್ತಾರೆ, ಎಷ್ಟು ವರ್ಷದಿಂದ ಬರುತ್ತಾರೆ, ಬಂದು ಯಾವ ಕಲ್ಲಿನ ಮೇಲೆ ಕೂರುತ್ತಾರೆ ಎಂಬುದನ್ನು ಅವರಲ್ಲಿ ಯಾರೂ ಯಾರನ್ನೂ ಕೇಳಲಿಲ್ಲ.

ಹುಲಿಗೆಮ್ಮ ಹಿತ್ತಿಲ ಬಾಗಿಲಿನವಳು. ತಲೆ ಬಾಚುವಾಗ ಉದುರಿದ ಕೂದಲನ್ನು ಕೊಂಡು ಹೇರ್‌ಪಿನ್ನು, ಜಾಲರಿ ಸೌಟು, ಪ್ಲಾಸ್ಟಿಕ್ ಬುಟ್ಟಿ ಕೊಡುವವಳು. ಗಂಡಸರು ಮನೆಯಲ್ಲಿಲ್ಲದ ಹೊತ್ತು ನೋಡಿಯೇ ಬರುತ್ತಾಳೆ. ಅದು ಅವಳ ಕಳ್ಳತನವಲ್ಲ, ನಮ್ಮದು. ಕೂದಲು ಹೊರಗೆ ಹೋದರೆ ಮಾಟ ಮಾಡಿಸುತ್ತಾರೆಂದು ಪ್ರತಿ ಮನೆಯಲ್ಲೂ ಒಬ್ಬ ಅತ್ತೆ ಹೇಳಿದ್ದಾಳೆ. ನಿಮ್ಮ ಅಮ್ಮನೂ ಹೇಳುತ್ತಿದ್ದರು. ಆದ್ದರಿಂದ ಊರಿನ ಎಲ್ಲ ಸೊಸೆಯರೂ ಕೂದಲನ್ನು ಉಂಡೆಮಾಡಿ ಸೌದೆ ಕೊಟ್ಟಿಗೆಯ ಸಂದಿಯಲ್ಲಿ ಇಟ್ಟಿರುತ್ತಾರೆ. ಎಲ್ಲರಿಗೂ ಗೊತ್ತು, ಯಾರೂ ಬಾಯಿಬಿಡುವುದಿಲ್ಲ. ಆ ಸೌಟಿನ ಆಸೆಗೆ ನಾವು ಮಾರಿದ್ದಲ್ಲ. ಅವಳ ಮಾತು ಕೇಳುವುದಕ್ಕೆ ಅದೊಂದು ನೆಪ. ಕಳೆದ ಸಲ ನನ್ನ ಉಂಡೆಯನ್ನು ಬೆಳಕಿಗೆ ಹಿಡಿದು, "ಅಕ್ಕಾರ, ಅರ್ಧಕ್ಕರ್ಧ ಬೆಳ್ಳಗಾಗೇತಿ. ಬಿಳೀ ಕೂದ್ಲಕ್ಕ ಪಿನ್ನೂ ಬರಂಗಿಲ್ಲ ನೋಡ್ರಿ" ಎಂದಳು. "ಹಾಗಾದ್ರೆ ತಲೆ ಸಮೇತ ತಗಂಡು ಹೋಗು" ಎಂದೆ. "ತಲಿ ತಗೊಂಡ್ ಏನ್ ಮಾಡ್ಲಿ, ಅದರಾಗ ಬರೇ ಚಿಂತಿ ಐತಿ" ಎಂದು ನಕ್ಕಳು. ನಿಮ್ಮ ಜೊತೆ ನಾನು ಹಾಗೆ ನಕ್ಕು ಎಷ್ಟು ಕಾಲವಾಯಿತು ಎಂದು ಅವತ್ತು ಯೋಚಿಸಿದ್ದೆ. ಅದನ್ನು ಇಲ್ಲಿ ಬರೆಯಬೇಕೆಂದು ಕೂತವಳಲ್ಲ, ಬಂದುಬಿಟ್ಟಿತು.

ಸರ ಹೋದ ಆ ಸೋಮವಾರ ನೀವು ಪೇಟೆಗೆ ಹೊರಟ ಸ್ವಲ್ಪ ಹೊತ್ತಿಗೆ ಅವಳು ಬಂದಳು. ಬಾವಿಕಟ್ಟೆಯ ಪಕ್ಕದ ಕಲ್ಲಿನ ಮೇಲೆ ಇಬ್ಬರೂ ಕೂತೆವು. ಅವಲಕ್ಕಿ ಕೊಟ್ಟೆ, ಚಹಾ ಕೊಟ್ಟೆ. ಮೊಮ್ಮಗಳಿಗೆ ಶಾಲೆ ಬಿಡಿಸಬಾರದೆಂದು ಅವಳು, ಬಿಡಿಸಬೇಕೆಂದು ಅವಳ ಮಗ. ಆ ಜಗಳವನ್ನೆಲ್ಲ ಹೇಳಿ ಮುಗಿಸುವಷ್ಟರಲ್ಲಿ ಮಧ್ಯಾಹ್ನದ ಅಡುಗೆ ಹೊತ್ತಾಗಿತ್ತು. ಊಟಕ್ಕೆ ಮುಂಚೆ ಅವಳು ಬಸ್ಸಿಗೆಂದು ಹೊರಟಾಗ ಗೇಟಿನ ತನಕ ಹೋಗಿ, ಬಸ್ಸು ಹತ್ತಿದ್ದನ್ನು ನೋಡಿ ಬಂದೆ. ಪ್ರತಿಮಾ ಸ್ನಾನಕ್ಕೆ ಹೋದಾಗ ಕಿಟಕಿಯ ಮೇಲಿಟ್ಟ ಸರ ಕಾಣೆಯಾದದ್ದು ಅದೇ ಬೆಳಗಿನಲ್ಲಿ, ನಾವಿಬ್ಬರೂ ಆ ಕಲ್ಲಿನ ಮೇಲೆ ಕೂತಿದ್ದಾಗ. ನನಗೆ ಅದು ತಿಳಿದದ್ದು ಬಹಳ ತಡವಾಗಿ. ನಾನು ಅದೇ ಮಧ್ಯಾಹ್ನ, ಊಟವಾದ ಮೇಲೆ, ಸಾಗರದ ಬಸ್ಸು ಹತ್ತಿದ್ದೆ. ಆಸ್ಪತ್ರೆಯಲ್ಲಿ ಫೋನಿನ ಕಡೆ ಕೈ ಹೋಗಲಿಲ್ಲ. ಮೊನ್ನೆ ಗ್ರೂಪಿನಲ್ಲಿ ಆ ಫೋಟೊ ನೋಡಿದೆ.

ಫೋಟೊದಲ್ಲಿ ಹುಲಿಗೆಮ್ಮ ಕೂತಿದ್ದಾಳೆ. ಮಡಿಲಲ್ಲಿ ಚೀಲ. ಕೆಳಗೆ ನಿಮ್ಮ ಸಾಲು: "ಅಪರಿಚಿತ ಮಹಿಳೆ. ಕಳ್ಳರ ತಂಡದವಳೆಂದು ಅನುಮಾನ. ಕಂಡಲ್ಲಿ ಹಿಡಿಯಿರಿ. ಅಧ್ಯಕ್ಷರು, ಬೀಟ್ ಸಮಿತಿ." ಯಾವ ಊರಿನ ಕಲ್ಲು ಅದು ಎಂದು ಮೊದಲು ನೋಡಿದೆ. ನಮ್ಮ ಬಾವಿಕಟ್ಟೆಯ ಕಲ್ಲು. ಆಮೇಲೆ ಎಡ ಅಂಚಿನಲ್ಲಿ ಲೋಟ ಹಿಡಿದ ಒಂದು ಕೈ, ಬೆರಳುಗಳು ಮಾತ್ರ. ನನ್ನ ಬೆರಳುಗಳು.

ನೀವು ನನ್ನನ್ನು ಕತ್ತರಿಸಿದ್ದಿರಿ.

ಅದನ್ನು ಅರ್ಥಮಾಡಿಕೊಳ್ಳಲು ನನಗೆ ಹೊತ್ತು ಬೇಕಾಯಿತು. ಎರಡು ಸಂಗತಿಗಳು ಒಟ್ಟಿಗೇ ತಿಳಿದವು. ಒಂದು, ಮಂಗಗಳು ಬಾಳೆಗೊನೆಗೆ ಬರುವುದನ್ನು ನೋಡಲು ಎಂದು ನೀವು ಹಿಂದಿನ ಸೂರಿಗೆ ಹಾಕಿಸಿದ ಕ್ಯಾಮೆರಾ ಬಾಳೆಯ ಕಡೆ ತಿರುಗಿಲ್ಲ. ನಾನು ದಿನಾ ಕೂರುವ ಕಲ್ಲಿನ ಕಡೆ ತಿರುಗಿದೆ. ಇಷ್ಟು ದಿನ ನಾನು ಅಲ್ಲಿ ಕೂತು ಯಾರ ಜೊತೆ ಮಾತಾಡಿದೆ, ಒಬ್ಬಳೇ ಕೂತು ಏನು ಮಾಡಿದೆ ಎಂಬುದೆಲ್ಲ ನಿಮ್ಮ ಫೋನಿಗೆ ಬಂದಿದೆ. ಎರಡು, ಅವಳು ಯಾರೆಂದು ನಿಮಗೆ ಗೊತ್ತಿಲ್ಲದಿದ್ದರೂ, ಆ ಹೊತ್ತಿನಲ್ಲಿ ಯಾರ ಜೊತೆ ಕೂತಿದ್ದಳೆಂದು ಗೊತ್ತಿತ್ತು. ಗೊತ್ತಿದ್ದೇ ಆ ಬದಿಯನ್ನು ತೆಗೆದಿರಿ. ಮೂಲೆಯಲ್ಲಿದ್ದ ದಿನಾಂಕ, ಹೊತ್ತು ಎಲ್ಲ ನನ್ನ ಜೊತೆಗೇ ಹೋಯಿತು.

ನೀವು ಫೋಟೊ ಹಾಕಿದ ಮಾರನೇ ದಿನ ಪೇಟೆಯ ಬಸ್ ಸ್ಟ್ಯಾಂಡಿನಲ್ಲಿ ಅವಳನ್ನು ಹಿಡಿದವರ ವೀಡಿಯೊ ಕೂಡ ಗ್ರೂಪಿನಲ್ಲಿದೆ. ನೀವು ನೋಡಿದ್ದೀರಿ, ಹೆಬ್ಬೆರಳು ಒತ್ತಿದ್ದೀರಿ. ಒಬ್ಬ ಕೆನ್ನೆಗೆ ಹೊಡೆಯುತ್ತಾನೆ. ಇನ್ನೊಬ್ಬ ಚೀಲ ಹರಿದು ರಸ್ತೆಗೆ ಸುರಿಯುತ್ತಾನೆ. ಬಂಗಾರ ಬೀಳುತ್ತದೆಂದು ಎಲ್ಲರೂ ಬಗ್ಗಿ ನೋಡುತ್ತಾರೆ. ಬಿದ್ದದ್ದು ಕೂದಲು. ಯಾರೋ "ಥೂ" ಎನ್ನುತ್ತಾರೆ. ನಮ್ಮ ಉಪಾಧ್ಯಕ್ಷ ಸೀತಾರಾಮಪ್ಪನವರು "ವೆಲ್ ಡನ್ ಬಾಯ್ಸ್" ಎಂದು ಹಾಕಿದ್ದಾರೆ. ಆ ಡಾಂಬರಿನ ಮೇಲೆ ಗಾಳಿಗೆ ಹಾರಿದ್ದು ಸೀತಾರಾಮಪ್ಪನವರ ಹೆಂಡತಿಯ ಕೂದಲು, ಪ್ರತಿಮಾಳ ಕೂದಲು, ನನ್ನ ಕೂದಲು. ಆ ಹುಡುಗರ ಚಪ್ಪಲಿಗೆ ಸಿಕ್ಕಿಕೊಂಡದ್ದೂ ಅದೇ.

ನಿಮಗೆ ಫೋನು ಮಾಡಿ ಕೇಳಿದಾಗ ನೀವು ಸುಳ್ಳು ಹೇಳಲಿಲ್ಲ. ಅದನ್ನು ಒಪ್ಪುತ್ತೇನೆ. "ನಿನ್ ಮರ್ಯಾದಿ ಉಳ್ಸಲೆ ಮಾಡಿದ್ದು ಮಾರಾಯ್ತಿ. ಅಧ್ಯಕ್ಷನ ಹೆಂಡ್ತಿ ಕೂದ್ಲು ಮಾರ್ತು ಹೇಳಿ ಊರಿಗೆ ಗೊತ್ತಾದ್ರೆ ಎಂತ ಮರ್ಯಾದಿ ಉಳೀತು?" ಎಂದಿರಿ. ಮರ್ಯಾದೆ ನನ್ನದೋ ಅಧ್ಯಕ್ಷರದೋ ಎಂದು ಕೇಳಿದೆ. "ಎರಡೂ ಒಂದೇಯ" ಎಂದಿರಿ. ಆ ಉತ್ತರ ನಿಮಗೆ ಎಷ್ಟು ಸುಲಭವಾಗಿ ಬಂತು ಎಂದರೆ, ಅದು ಯಾವಾಗಲೂ ನಿಮ್ಮ ಹತ್ತಿರ ಸಿದ್ಧವಾಗಿಯೇ ಇತ್ತೆಂದು ನನಗೆ ಗೊತ್ತಾಯಿತು.

ಧರ್ಮಪ್ಪನಿಗೂ ಫೋನು ಮಾಡಿದೆ. ಹುಲಿಗೆಮ್ಮ ಆ ಬೆಳಿಗ್ಗೆಯೆಲ್ಲ ನನ್ನ ಜೊತೆಗಿದ್ದಳು ಎಂದೆ. ಅವರು ಹೇಳಿದರು: "ನಿಮ್ಮ ಮಾತು ಸುಳ್ಳು ಅಂತ ನಾನು ಅನ್ನಲ್ಲ ಅಮ್ಮ. ಆದ್ರೆ ಅಧ್ಯಕ್ಷರು ಹೇಳಿಕೆ ಕೊಟ್ಟಿದಾರೆ. ಅವತ್ತು ನೀವು ಬೆಳಗಿನ ಫಸ್ಟ್ ಬಸ್ಸಿಗೇ ಸಾಗರಕ್ಕೆ ಹೋಗಿದ್ರಿ, ಖಾಲಿ ಮನೆ ಹಿತ್ತಿಲಿಗೆ ಇವಳು ನುಗ್ಗಿದ್ಲು ಅಂತ. ಕ್ಯಾಮೆರಾದಲ್ಲಿ ಬೇರೇನೂ ಉಳ್ದಿಲ್ಲ ಅಂತಾನೂ ಹೇಳಿದ್ರು. ಈಗ ಗಂಡ ಒಂದು ಹೇಳಿ ಹೆಂಡ್ತಿ ಒಂದು ಹೇಳಿದ್ರೆ ನಾನು ಎಂತ ಮಾಡ್ಲಿ?"

ಹೀಗೆ ನನ್ನನ್ನು ಎರಡು ಸಲ ತೆಗೆದಿರಿ. ಮೊದಲು ಫೋಟೊದಿಂದ, ಆಮೇಲೆ ನನ್ನ ಮನೆಯಿಂದ.

ನನಗೆ ಸಿಟ್ಟು ಬರುವುದಿಲ್ಲವೆಂದು ನೀವು ನಾಲ್ಕು ಜನರ ಮುಂದೆ ಹೇಳಿಕೊಳ್ಳುತ್ತೀರಿ. ನಾನೂ ಹಾಗೇ ನಂಬಿದ್ದೆ. ದೂರದಲ್ಲಿ ನಿಂತು ನೋಡುವುದು ನನ್ನ ಸ್ವಭಾವ. ಯಾರ ಮನೆಯ ಜಗಳವಾದರೂ, ನಮ್ಮದೇ ಆದರೂ, ಪಕ್ಕದ ಮನೆಯದೆಂಬಂತೆ ನೋಡುತ್ತೇನೆ. ಈಗ ಹಾಗಾಗುತ್ತಿಲ್ಲ. ವಂದನಾಳ ಅಡುಗೆಮನೆಯಲ್ಲಿ ತೆಂಗಿನಕಾಯಿ ಒಡೆಯುವಾಗ ಕೈ ಅಗತ್ಯಕ್ಕಿಂತ ಜೋರಾಗಿ ಬೀಳುತ್ತದೆ. 

ಪ್ರತಿಮಾಳ ಮೇಲೂ ಸಿಟ್ಟಿದೆ. ಸಭೆಯಲ್ಲಿ ಧರ್ಮಪ್ಪ ಆ ಫೋಟೊ ತೋರಿಸಿ "ಈಯಮ್ಮನ್ನ ಯಾರಾದ್ರೂ ಬಲ್ಲಿರಾ?" ಎಂದು ಕೇಳಿದಾಗ, ಹಿಂದಿನ ಸಾಲಿನಲ್ಲಿದ್ದ ಹೆಂಗಸರೆಲ್ಲ ನೆಲ ನೋಡಿದರಂತೆ. ಇದನ್ನು ಅವಳೇ ಫೋನಿನಲ್ಲಿ ಅಳುತ್ತ ಹೇಳಿದಳು. "ವನಮಾಲಕ್ಕ, ಪಕ್ಕದಲ್ಲೇ ಅತ್ತೆ ಕೂತಿತ್ತು, ಹೆಂಗೆ ಬಾಯಿ ಬಿಡದು? ಹುಲಿಗೆಮ್ಮ ಅವತ್ತು ನಿಂಗಳ ಮನೇಲಿ ಇತ್ತು ಹೇಳಿ ಎಂಗೆ ಗೊತ್ತಿರ್ಲೆ." ಅತ್ತೆಗೆ ಹೆದರಿ ಒಂದು ಊರಿನ ಹೆಂಗಸರೆಲ್ಲ ಒಬ್ಬಳನ್ನು ಜೈಲಿಗೆ ಕಳಿಸಿದರು. ಆದರೆ ಅವರಿಗೆ ಅವಳ ಹೆಸರಷ್ಟೇ ಗೊತ್ತಿತ್ತು. ನಿಮಗೆ ನಿಜವೇ ಗೊತ್ತಿತ್ತು. ಆ ವ್ಯತ್ಯಾಸವನ್ನು ನಾನು ಬಿಡುವುದಿಲ್ಲ.

ಸರ ಯಾರು ತೆಗೆದರೋ ನನಗೆ ಗೊತ್ತಿಲ್ಲ. ಅದು ನಿಮ್ಮ ಸಮಿತಿಯ ಕೆಲಸ. ಅವಳನ್ನು ಹಿಡಿದ ಮೇಲೆ ನೀವು ಹುಡುಕುವುದನ್ನೇ ಬಿಟ್ಟಿದ್ದೀರಿ. ತೆಗೆದವನು ನಿಶ್ಚಿಂತೆಯಿಂದಿದ್ದಾನೆ.

ಮುಂದಿನ ಶುಕ್ರವಾರ ಅವಳ ಜಾಮೀನು ಅರ್ಜಿ ಇದೆ. ಅದಕ್ಕೆ ಮೊದಲು ಧರ್ಮಪ್ಪನ ಹತ್ತಿರ ಹೋಗಿ. ನನ್ನ ಹೆಂಡತಿ ಮನೆಯಲ್ಲಿದ್ದಳು, ಅವಳ ಜೊತೆ ಈಕೆ ಕೂತಿದ್ದಳು, ನಾನು ನೋಡಿದ್ದೇನೆ ಎಂದು ಹೇಳಿ. ಮೂರು ಸಣ್ಣ ವಾಕ್ಯಗಳು. ನೀವು ಸಭೆಗಳಲ್ಲಿ ಇದಕ್ಕಿಂತ ಉದ್ದ ಮಾತಾಡಿದ್ದನ್ನು ಕೇಳಿದ್ದೇನೆ.

ನಿಮ್ಮ ಮನೆಯಲ್ಲಿ ಅವತ್ತು ಇದ್ದವಳು,
ವನಮಾಲಾ

ಮತ್ತೆ ಬರೆದದ್ದು, ೨೨ ನವೆಂಬರ್: ಈ ಪತ್ರವನ್ನು ಅಂಚೆಗೆ ಹಾಕಿರಲಿಲ್ಲ. ಕೊನೆಯಲ್ಲಿ ಕೇಳಿದ್ದನ್ನು ಸೋಮವಾರ ಫೋನಿನಲ್ಲೇ ಕೇಳಿದೆ. "ತೀರ್ಥಹಳ್ಳಿ ಕಾರ್ಯಕ್ರಮ ಮುಗೀಲಿ, ಆಮೇಲೆ ನೋಡನ" ಎಂದಿರಿ. ಒಳ್ಳೆಯ ಸಮಿತಿಯೆಂದು ಅಲ್ಲಿ ನಿಮಗೆ ಶಾಲು ಹೊದಿಸುವವರಿದ್ದರು. ಬುಧವಾರ ನೀವು ಆ ವೇದಿಕೆಯ ಮೇಲಿದ್ದಾಗ ನಾನು ಮನೆಗೆ ಬಂದಿದ್ದೆ. ಕ್ಯಾಮೆರಾದ ಒಳಗೆ ಉಗುರಿನಷ್ಟು ಒಂದು ಕಾರ್ಡು ಇರುತ್ತದೆ. ಫೋನಿನಲ್ಲಿ ಅಳಿಸಿದರೂ ಅದರಲ್ಲಿ ಉಳಿದಿರುತ್ತದೆ. ಜೋಡಿಸಿದ ಹುಡುಗ ಇದನ್ನು ಹೇಳಿದ್ದು ಏಣಿ ಹಿಡಿದು ನಿಂತಿದ್ದ ನನಗೆ. ನೀವು ಆಗ ಜಗಲಿಯಲ್ಲಿ ಸೀತಾರಾಮಪ್ಪನವರ ಜೊತೆಗಿದ್ದಿರಿ. ಪತ್ರದಲ್ಲಿ ಅದನ್ನು ಬರೆಯದೆ ಬಿಟ್ಟದ್ದು ಮರೆವಿನಿಂದಲ್ಲ. ಬರೆದು ಕಳಿಸಿದ್ದರೆ ನೀವು ಆ ಕಾರ್ಡನ್ನು ಒಲೆಗೆ ಹಾಕುತ್ತಿದ್ದಿರಿ ಎಂದು ನನಗೆ ಅನುಮಾನವೂ ಇರಲಿಲ್ಲ.

ಕಾರ್ಡನ್ನು ಬಿಚ್ಚಿಕೊಂಡು ಠಾಣೆಗೆ ಹೋದೆ. ಧರ್ಮಪ್ಪ ಕಂಪ್ಯೂಟರಿನಲ್ಲಿ ಪೂರ್ತಿ ಫೋಟೊ ನೋಡಿ, "ಇದನ್ನ ನಂಗೊಬ್ಬಂಗೆ ಕಳ್ಸಿದ್ರೆ ಮುಗ್ದೇ ಹೋಗ್ತಿತ್ತಲ್ಲ" ಎಂದರು. ನಿಮ್ಮ ಹೇಳಿಕೆಯ ಬಗ್ಗೆ ಕೇಳಲು ಅವರು ನಿಮ್ಮನ್ನು ಕರೆಸುತ್ತಾರೆ. ಈ ಸಲ ಅವರು ಜಗಲಿಗೆ ಬರುವುದಿಲ್ಲ, ನೀವೇ ಠಾಣೆಗೆ ಹೋಗಬೇಕು.

ನಿನ್ನೆ ಜಾಮೀನು ಸಿಕ್ಕಿತು. ಜಾಮೀನಿಗೆ ನಾನು ನಿಂತೆ. ಜೈಲಿನ ಗೇಟಿನಲ್ಲಿ ಅವಳಿಗೆ ಏನು ಹೇಳಬೇಕೆಂದು ಬಸ್ಸಿನಲ್ಲಿ ಯೋಚಿಸಿಕೊಂಡು ಹೋಗಿದ್ದೆ. ಅವಳು ನನ್ನ ಕೈ ಹಿಡಿಯಲಿಲ್ಲ, ಬೈಯಲೂ ಇಲ್ಲ. ಸೆರಗು ಸರಿಮಾಡಿಕೊಂಡು, ನನ್ನ ಮುಖ ನೋಡದೆ ಕೇಳಿದಳು: "ಅಕ್ಕಾರ, ಅವತ್ತ ಇಬ್ರೂ ಒಂದ ಕಲ್ಲಿನ ಮ್ಯಾಲ ಕುಂತಿದ್ವಿ. ನನ್ನಷ್ಟ ಯಾಕ ಹಿಡದ್ರು?"

ಉತ್ತರ ನನಗೆ ತಿಳಿದಿತ್ತು. ಅದನ್ನು ಹೇಳಬೇಕಾದವರು ಕತ್ತರಿಸಿದವರು. ನಿಮಗೆ ಹೇಳಲಾದರೆ ಅವಳಿಗೆ ಹೇಳಿ. ಅದಾದ ಮೇಲೆ, ನಾನು ಯಾವಾಗ ಬರುತ್ತೇನೆಂದು ಕೇಳಿ.