ದಾರ ಕಟ್ಟಿ ಕತ್ತರಿಸಿದ ಪೊದೆಗಳು

ಮಾರ್ಚ್ 3, ಬೆಳಿಗ್ಗೆ 7
ಫೆಬ್ರವರಿ 18ರಂದು ನಗರಸಭೆ ಒಂದು ಸುಳ್ಳಿಗೆ ಸೀಲು ಒತ್ತಿದೆ. ಕಡಲದಂಡೆಯ ಪೊದೆಗಳು ‘ನೆಟ್ಟು ಬೆಳೆಸಿದ ಅಲಂಕಾರದ ಬೇಲಿ’ಯಂತೆ. ತಾನಾಗಿ ಬೆಳೆದ ಗಿಡಕ್ಕೆ ಮಾತ್ರ ರಕ್ಷಣೆ. ಬೇಲಿಯಾದರೆ ಕಿತ್ತು ಪಾರ್ಕಿಂಗ್ ಮಾಡಬಹುದು. ಯಾರು ನೆಟ್ಟರು? ಬಂದರು ಕಚೇರಿಯಲ್ಲಿ ಮೂವತ್ತೊಂದು ವರ್ಷ ನಕ್ಷೆ ಬರೆದವನು ನಾನು. 1983ರಲ್ಲಿ ಅಳತೆಗೆ ಹೋದಾಗಲೇ ಸೊಂಟದೆತ್ತರ ಇದ್ದವು, ದಂಡೆಯಿಡೀ ಹಳದಿ ಹೂವು. ಸೂರ್ಯಕಾಂತಿಯ ಕುಲ, ಉಪ್ಪುಗಾಳಿ ಕುಡಿದೂ ವರ್ಷಪೂರ್ತಿ ಹಸಿರು. ಆಕ್ಷೇಪಣೆ ಹೇಳಲು ಏಪ್ರಿಲ್ 20ಕ್ಕೆ ಬಹಿರಂಗ ಸಭೆ.

ಮಾರ್ಚ್ 5
ನಗರಸಭೆಗಾಗಿ ಗಿಡಗಳ ಸಮೀಕ್ಷೆ ಮಾಡಿ ‘ಬೇಲಿ’ ಎಂದು ವರದಿ ಕೊಟ್ಟವರನ್ನು ಹುಡುಕಿಕೊಂಡು ಹೋದೆ. ನಲವತ್ತರ ಹೆಂಗಸು, ಬೂಟಿನ ತುಂಬ ಮರಳು. ಜಗಳಕ್ಕೆ ಸಿದ್ಧನಾಗಿದ್ದೆ. ಕೂರಿಸಿ ಫೋಟೊ ತೋರಿಸಿದರು.
“ನೀವೇ ಹೇಳಿ ಸರ್. ಕಾಡುಗಿಡ ಹೀಗೆ ಸ್ಕೇಲಿಟ್ಟ ಹಾಗೆ ಬೆಳೆಯುತ್ತಾ? ಒಂದು ಹೂವೂ ಇಲ್ಲ. ಯಾರೋ ಪುಣ್ಯಾತ್ಮ ವರ್ಷಗಟ್ಟಲೆ ಕತ್ತರಿಸಿದಾನೆ. ಚೆನ್ನಾಗೇ ಕತ್ತರಿಸಿದಾನೆ.”
ಪುಣ್ಯಾತ್ಮ ನಾನೇ. ನಿವೃತ್ತಿಯಾದಂದಿನಿಂದ ಪ್ರತಿ ಭಾನುವಾರ, ಸಾಲು ನೇರವಿರಲೆಂದು ದಾರ ಕಟ್ಟಿ... ಹೇಳದೆ ಎದ್ದು ಬಂದೆ.

ಮಾರ್ಚ್ 6
ಹೂವು ಯಾಕಿಲ್ಲ ಎಂದು ಇಷ್ಟು ವರ್ಷದಲ್ಲಿ ಒಮ್ಮೆಯೂ ಕೇಳಿಕೊಂಡಿರಲಿಲ್ಲ. ಗಿಡಕ್ಕೆ ವಯಸ್ಸಾಯಿತು ಅಂದುಕೊಂಡಿದ್ದೆ. ಇವತ್ತು ಭೂತಗನ್ನಡಿ ಹಿಡಿದು ನೋಡಿದೆ. ಮೊಗ್ಗು ಕಟ್ಟುವುದು ಚಿಗುರಿನ ತುದಿಯಲ್ಲಿ — ಸರಿಯಾಗಿ ನಾನು ಕತ್ತರಿಸುವ ಜಾಗ. ಕತ್ತರಿಯನ್ನು ತಂಗಿಯ ಕೈಗೆ ಕೊಟ್ಟು ಬಚ್ಚಿಡು ಅಂದೆ.
“ಸದ್ಯ, ಗಿಡಗಳಿಗೆ ರಜ ಸಿಕ್ತು. ಇನ್ನು ನನ್ನ ಪಾತ್ರೆ ಸಾಲಾಗಿ ಜೋಡಿಸೋಕೆ ಬರಬೇಡ ಅಣ್ಣ, ಅಷ್ಟೆ.”

ಮಾರ್ಚ್ 29
ಸಾಲು ಕೆಟ್ಟಿದೆ. ಒಂದು ಕೊಂಬೆ ರಸ್ತೆಗೆ, ಒಂದು ಕಡಲಿಗೆ. ಕತ್ತರಿಸಲು ಕೈ ಕಡಿಯುತ್ತದೆ, ಮುಟ್ಟಿಲ್ಲ. ಎಲೆಯ ಮೇಲೆ ಬೂದು ರೋಮ, ನಾಲಿಗೆಗೆ ತಾಗಿಸಿದರೆ ಉಪ್ಪು. ಮೊಗ್ಗು ಹದಿನಾಲ್ಕು.

ಏಪ್ರಿಲ್ 17
ಹಳದಿ. ಎಣಿಸುವುದು ಬಿಟ್ಟೆ. ಸಮೀಕ್ಷೆಯವರನ್ನು ಕರೆದು ತೋರಿಸಿದೆ. ಕತ್ತರಿ ಯಾರದೆಂದೂ ಹೇಳಿದೆ. ಅವರು ಮಂಡಿಯೂರಿ ಬಹಳ ಹೊತ್ತು ನೋಡಿದರು.
“ದಂಡೆಯದೇ ಗಿಡ ಸರ್, ಅನುಮಾನ ಇಲ್ಲ. ಆದ್ರೆ ವರದಿ ಈಗ ನನ್ನ ಕೈಲಿಲ್ಲ, ಸಭೇನೇ ತಿದ್ದಬೇಕು. ಕತ್ತರಿಸಿದ್ದು ನಾನು ಅಂತ ಅಲ್ಲಿ ಹೇಳ್ತೀರಾ? ನಗ್ತಾರೆ.”
“ನಗಲಿ.”

ಏಪ್ರಿಲ್ 20, ಬೆಳಿಗ್ಗೆ 9
ಹತ್ತಕ್ಕೆ ಸಭೆ. ಹಾಳೆಯಲ್ಲಿ ಮೊದಲು ನನ್ನ ತಪ್ಪು, ಪೂರ್ತಿ ಬರೆದಿದ್ದೇನೆ. ಆಮೇಲೆ ನಗರಸಭೆಗೆ ಒಂದೇ ಪ್ರಶ್ನೆ: ‘ನೆಟ್ಟದ್ದು’ ಎಂದು ಬರೆಯುವ ಮುಂಚೆ, ಯಾರು ನೆಟ್ಟರೆಂದು ದಂಡೆಯ ಒಂದು ಮನೆಯ ಬಾಗಿಲನ್ನಾದರೂ ತಟ್ಟಿದಿರಾ? ತಟ್ಟಿದ್ದರೆ ಕತ್ತರಿ ಹಿಡಿದ ನಾನೇ ಸಿಗುತ್ತಿದ್ದೆ. ಉತ್ತರ ಲಕೋಟೆಯಲ್ಲಿ ಬೇಡ. ಊರವರೆದುರು, ಮೈಕಿನಲ್ಲಿ, ಇವತ್ತೇ —