ನಾಲ್ಕೇ ವ್ಯಾಟ್

14 ನವೆಂಬರ್, ಗುರುವಾರ

ಇಂಟರ್ನೆಟ್ಟಿನಲ್ಲಿ ಯಾರ್ಯಾರದೋ ಸಂದೇಶಗಳನ್ನು, ಕಳಿಸಿದವರ ಗುರುತು ಮರೆಸಿ, ದಾಟಿಸುವ ಕೆಲಸಕ್ಕೆ ಮನೆಯಲ್ಲಿಟ್ಟ ಹಳೆಯ ಕಂಪ್ಯೂಟರು ತೊಂಬತ್ತು ವ್ಯಾಟ್ ನುಂಗುತ್ತಿತ್ತು. ಇವತ್ತು ಅದರ ಜಾಗಕ್ಕೆ ಅಗ್ಗಕ್ಕೆ ಸಿಕ್ಕ ಅಂಗೈಯಗಲದ ಕಂಪ್ಯೂಟರ್ ಬೋರ್ಡ್ ಹಾಕಿದೆ, ನಾಲ್ಕೇ ವ್ಯಾಟ್. ನನ್ನ ಬೆನ್ನು ನಾನೇ ತಟ್ಟಿಕೊಂಡೆ, ಪೆದ್ದ.

ವರದಿಗಾರ್ತಿ ಅಕ್ಕ ತಲೆಮರೆಸಿಕೊಂಡು ಎಂಟು ತಿಂಗಳಾಯಿತು, ಒಂದಕ್ಷರ ಸುದ್ದಿಯಿಲ್ಲ. ಅವಳ ಬರಹವೂ ನಮ್ಮ ಕಂಪ್ಯೂಟರಿನ ಮೂಲಕವೇ ಹೋಗುತ್ತಿರಬಹುದು ಎಂದು ಅಮ್ಮನಿಗೆ ಒಮ್ಮೆ ಬಾಯಿತಪ್ಪಿ ಹೇಳಿದ್ದೆ. ಅಂದಿನಿಂದ ಅಮ್ಮ ದಿನವೂ ಕಂಪ್ಯೂಟರಿನ ಮೇಲೆ ಕೈಯಿಟ್ಟು ನೋಡುತ್ತಿದ್ದಳಂತೆ. ಇವತ್ತು ಹೊಸದನ್ನು ಮುಟ್ಟಿದಳು.

“ತಣ್ಣಗಿದೆಯಲ್ಲೋ. ಅವಳು ಬರೆಯೋದು ನಿಲ್ಲಿಸಿಬಿಟ್ಲಾ?”

“ಇಲ್ಲಮ್ಮ, ಬಿಸಿಯಾಗಲ್ಲ ಅಂತಲೇ ಇದನ್ನ ತಂದಿದ್ದು.”

“ಹಾಗಾದ್ರೆ ನಂಗೆ ಹೇಗೋ ಗೊತ್ತಾಗ್ಬೇಕು?”

ನನಗೂ ಎಂದೂ ಗೊತ್ತಾಗಿಲ್ಲ. ಯಾರಿಗೂ ಗೊತ್ತಾಗಬಾರದೆಂದೇ ಈ ಏರ್ಪಾಡು.

ಹಳೆಯದನ್ನು ಅಮ್ಮನಿಗಾಗಿ ಮತ್ತೆ ಆನ್ ಮಾಡಿಟ್ಟೆ. ನೆಟ್ ಕೇಬಲ್ ಜೋಡಿಸಿಲ್ಲ. ಸುಮ್ಮನೆ ಬಿಸಿಯಾಗುತ್ತಿದೆ.